ಮಗುವಿನ ಮಾತೆತ್ತದ ನಾಲ್ಕು ಗಂಟೆ

"ಇವತ್ತು ಎರಡರಿಂದ ಆರರವರೆಗೆ ನನ್ನ ಬಾಯಿಂದ ಮಗುವಿನ ಮಾತು ಒಂದೇ ಒಂದು ಬಂದರೆ ನನ್ನ ಹೆಸರು ಬದಲಾಯಿಸಿ" ಎಂದು ಟೀಚರಮ್ಮ ಘೋರ ಪ್ರತಿಜ್ಞೆ ಮಾಡಿದಾಗ, ಅವಳ ಹೆಗಲ ಮೇಲೆ ಮಗು ಕಕ್ಕಿದ ಹಾಲು ಇನ್ನೂ ಒಣಗಿರಲಿಲ್ಲ.

ಮಗುವಿಗೆ ಒಂಬತ್ತು ತಿಂಗಳು. ಅಷ್ಟು ದಿನದಲ್ಲಿ ಅವಳು ಮನೆ ಬಿಟ್ಟು ಹೋದದ್ದೆಂದರೆ ಆಸ್ಪತ್ರೆಗೆ, ಔಷಧಿ ಅಂಗಡಿಗೆ, ಮತ್ತೆ ಆಸ್ಪತ್ರೆಗೆ. ಶಾಲೆಯಲ್ಲಿ ನಲವತ್ತು ಮಕ್ಕಳನ್ನು ಬರೀ ಹುಬ್ಬಿನಲ್ಲೇ ಆಳಿದವಳು ಈಗ ರಜೆ ಹಾಕಿ ಕೂತು, ಒಂದೇ ಒಂದು ಕೂಸಿನ ಕೈಯಲ್ಲಿ ಸೋತು ಸುಣ್ಣವಾಗಿದ್ದಳು. ಊರಾಚೆಯ ಹಣ್ಣಿನ ತೋಟದಲ್ಲಿ ತಿನಿಸು, ವೈನುಗಳ ರುಚಿ ನೋಡುವ ಮೇಳ ಎಂದು ಕಿವಿಗೆ ಬಿದ್ದದ್ದೇ ತಡ, ಎರಡು ಟಿಕೆಟ್ ತರಿಸಿದ್ದಳು.

ಗಂಡ ಮುದ್ರಣಾಲಯದಲ್ಲಿ ಕರಡು ತಿದ್ದುವವನು. ತಪ್ಪು ಹುಡುಕುವುದೇ ಅವನ ಅನ್ನ. "ಪಂಥ ಕಟ್ತೀಯಾ?" ಎಂದ.

"ಕಟ್ಟೇ ಕಟ್ತೀನಿ. ಸೋತರೆ ಬೆಳಗಿನ ಐದು ಗಂಟೆ ಪಾಳಿ ಒಂದು ತಿಂಗಳು ನಂದೇ. ಗೆದ್ದರೆ ನಿಮ್ದು."

ಐದು ಗಂಟೆಗೆ ಅವರ ಮನೆಯಲ್ಲಿ ಕೋಳಿ ಕೂಗುವುದಿಲ್ಲ, ಮಗು ಕೂಗುತ್ತದೆ. ಒಂದು ತಿಂಗಳು ಏಳೂವರೆಯವರೆಗೆ ನಿದ್ದೆ! ಅದರ ಮುಂದೆ ಇಂದ್ರಪದವಿ ಯಾವ ಲೆಕ್ಕ?

"ಹೋಗ್ಬನ್ನಿ" ಎಂದು ಅತ್ತೆ ಮೊಮ್ಮಗುವನ್ನು ಸೊಂಟಕ್ಕೇರಿಸಿಕೊಂಡರು. "ನಿನ್ನ ಗಂಡನನ್ನೇ ಬೆಳೆಸಿದ್ದೀನಿ, ಇದ್ಯಾವ ಮಹಾ."

ತೋಟವೆಂದರೆ ಅದು ತೋಟ. ಮರದಿಂದ ಮರಕ್ಕೆ ಬಿಳಿ ಬಟ್ಟೆಯ ಚಪ್ಪರ, ಗಾಳಿಗೆ ಉಸಿರಾಡಿದಂತೆ ಉಬ್ಬಿ ಇಳಿಯುತ್ತಿತ್ತು. ಎಲೆಗಳ ನಡುವಿಂದ ಬಿಸಿಲು ತೊಟ್ಟು ತೊಟ್ಟಾಗಿ ಮೇಜುಗಳ ಮೇಲೆ ಬೀಳುತ್ತಿತ್ತು. ದೂರದಲ್ಲಿ ಯಾರೋ ಪಿಟೀಲು ನುಡಿಸುತ್ತಿದ್ದರೋ, ಜೇನುಹುಳಗಳೇ ಹಾಡುತ್ತಿದ್ದವೋ ತಿಳಿಯುತ್ತಿರಲಿಲ್ಲ. ಟೀಚರಮ್ಮನ ಕಾಲು ನೆಲದ ಮೇಲಿದ್ದದ್ದು ಅನುಮಾನ.

ಚೀಸಿನ ಅಂಗಡಿಯಲ್ಲಿ ಒಂದು ಬಿಳಿ ಮುದ್ದೆ. ಮೆತ್ತಗೆ, ದುಂಡಗೆ, ಮಣಿಕಟ್ಟಿನ ಹತ್ತಿರ ಮಡಿಕೆ ಬಿದ್ದ ಹಾಗೆ... ನಾಲಿಗೆ ಕಚ್ಚಿಕೊಂಡಳು.

"ಏನೋ ಹೇಳೋಕೆ ಹೋದೆ?" ಗಂಡನ ಕಿವಿ ನಿಮಿರಿತು.

"ಉಪ್ಪು ಹದವಾಗಿದೆ ಅಂದೆ."

ಮುಂದೆ ವೈನಿನ ಮೇಜು. ಹಾಲೂಡಿಸುವ ತಾಯಿ, ರುಚಿ ನೋಡಿ ಉಗಿಯಬೇಕು, ಒಂದು ಗುಟುಕೂ ಒಳಗೆ ಹೋಗಕೂಡದು ಎಂದು ಡಾಕ್ಟರಮ್ಮನ ಕಟ್ಟಪ್ಪಣೆ. ಅದಕ್ಕೆಂದೇ ಅಲ್ಲೊಂದು ತಗಡಿನ ಬಕೆಟ್ ಇಟ್ಟಿದ್ದರು. ಟಿಕೆಟ್ ಕೊಂಡ ಜನ ಉಗಿಯುತ್ತಾರೆಯೇ? ಬಕೆಟ್ಟಿನ ತಳ ಒಂದಿಷ್ಟು ಒದ್ದೆಯಾಗಿತ್ತು, ಅಷ್ಟೆ. ಟೀಚರಮ್ಮ ಬಾಯಲ್ಲಿ ಮೂರು ಸುತ್ತು ತಿರುಗಿಸಿ ಗಂಭೀರವಾಗಿ ಉಗಿದಳು.

"ಯಾಕಮ್ಮ, ಚೆನ್ನಾಗಿಲ್ವಾ?" ತೋಟದ ಯಜಮಾನ ಹುಲ್ಲಿನ ಟೋಪಿ ತೆಗೆದು ಕೇಳಿದ.

ನಿಜವಾದ ಉತ್ತರ ಗಂಟಲವರೆಗೆ ಬಂತು. ಹೇಳಿದರೆ ಪಂಥ ಹೋಯಿತು. ಪಕ್ಕದಲ್ಲಿ ಗಂಡ ಮುಗುಳ್ನಗುತ್ತಾ ಗಡಿಯಾರ ನೋಡುತ್ತಿದ್ದ.

"ಕೆಲವು ಕಾರಣ ಹೇಳೋ ಹಾಗಿಲ್ಲ" ಎಂದಳು.

ಯಜಮಾನನ ಮುಖವೇ ಬದಲಾಯಿತು. ಆ ಮೇಳದಲ್ಲಿ ಅದುವರೆಗೆ ಉಗಿದಿದ್ದವರು ಒಬ್ಬರೇ, ಬಹುಮಾನ ತೀರ್ಮಾನಿಸಲು ಬಂದಿದ್ದ ರುಚಿಪಂಡಿತರು. ಅವರ ಜೊತೆಯ ಇನ್ನೊಬ್ಬ ತೀರ್ಪುಗಾರರು ಇನ್ನೂ ಬಂದಿರಲಿಲ್ಲ.

"ಅಯ್ಯೋ, ಅದು ತಾವಾ? ಮೊದಲೇ ಹೇಳಬಾರದಾ ಮೇಡಂ? ಕುರ್ಚಿ ಕಾಯ್ತಾ ಇದೆ."

"ಅಲ್ಲ, ನಾನು..."

"ಹೇಳ್ಬಿಡು, ಯಾಕೆ ಉಗಿದೆ ಅಂತ ಹೇಳ್ಬಿಡು" ಎಂದು ಗಂಡ ಕಿವಿಯಲ್ಲಿ ಉಸುರಿದ. ಟೀಚರಮ್ಮ ಹಲ್ಲು ಕಚ್ಚಿ ಹೋಗಿ ಕುರ್ಚಿಯಲ್ಲಿ ಕೂತಳು.

ಸುತ್ತ ಜನ ಸೇರಿದರು. ಬಿಳಿ ಮೀಸೆಯ ಪಂಡಿತರು ಮೊದಲ ಲೋಟವನ್ನು ಅವಳತ್ತ ಸರಿಸಿ, "ತಮ್ಮ ಅಭಿಪ್ರಾಯ?" ಎಂದರು. ಒಂಬತ್ತು ತಿಂಗಳಿಂದ ಅವಳಿಗೆ ಗೊತ್ತಿದ್ದ ವಿಷಯ ಪ್ರಪಂಚದಲ್ಲಿ ಒಂದೇ.

"ಇದು ಹಗಲು ನಿದ್ದೆಯಿಂದ ಅರ್ಧಕ್ಕೆ ಎದ್ದಿದೆ. ಅದಕ್ಕೇ ಹಟ. ಸ್ವಲ್ಪ ಹೊತ್ತು ಎತ್ಕೊಂಡು ಓಡಾಡಿದರೆ ಸಮಾಧಾನ ಆಗುತ್ತೆ."

ಯಜಮಾನ ಮರುಮಾತಾಡದೆ ಸೀಸೆಯನ್ನು ಹೆಗಲಿಗೆ ಹಾಕಿಕೊಂಡು ಮರಗಳ ನಡುವೆ ಶತಪಥ ಶುರುಮಾಡಿದ.

"ಇದು?"

"ಹಲ್ಲು ಬರ್ತಾ ಇದೆ. ಈಗ ಕಚ್ಚುತ್ತೆ. ಇನ್ನೆರಡು ತಿಂಗಳು ಬಿಡಿ."

"ಮೂವತ್ತು ವರ್ಷದಿಂದ ಈ ಮಾತಿಗೆ ತಡಕಾಡ್ತಿದ್ದೆ" ಎಂದು ಪಂಡಿತರು ಬರೆದುಕೊಂಡರು. ಗಂಡ ಜನರ ನಡುವಿಂದ ಬೆರಳೆತ್ತಿದ. "ಇದು ಅದರ ಮಾತೇ ಅಲ್ವಾ?"

"ವೈನಿನ ಮಾತು ಕಣ್ರೀ. ಆ ಪದ ಎಲ್ಲಿ ಬಂತು ತೋರಿಸಿ."

ಕರಡು ತಿದ್ದುವವನು ಮನಸ್ಸಿನಲ್ಲೇ ಸಾಲುಸಾಲು ಹುಡುಕಿದ. ಪದ ಸಿಗಲಿಲ್ಲ. ಬೆರಳಿಳಿಸಿದ.

ಮೂರನೆಯದು ಸಂಜೆಬಿಸಿಲಿನ ಬಣ್ಣದ್ದು. ಅವಳು ಉಗಿದು, ಬಾಯಲ್ಲಿ ಉಳಿದ ಪರಿಮಳಕ್ಕಾಗಿ ಕಣ್ಣು ಮುಚ್ಚಿದಳು. ಮುಚ್ಚಿದ್ದೇ ತಪ್ಪಾಯಿತು. ಒಂಬತ್ತು ತಿಂಗಳ ನಿದ್ದೆ ಮರಗಳ ಮರೆಯಲ್ಲಿ ಹೊಂಚಿ ಕೂತಿತ್ತು, ಒಂದೇ ನೆಗೆತಕ್ಕೆ ಹಿಡಿಯಿತು. ತೋಟವೆಲ್ಲ ತೊಟ್ಟಿಲಾಯಿತು. ಚಪ್ಪರಗಳು ತೂಗಿದವು. ಸೀಸೆಗಳು ಸಾಲಾಗಿ, ತಲೆಗೆ ಕುಲಾವಿ ಹಾಕಿಕೊಂಡು ಮಲಗಿದ್ದವು. ಅವಳು ಒಂದೊಂದನ್ನೇ ತಟ್ಟುತ್ತಾ ಹೋದಳು.

ಎಚ್ಚರವಾದಾಗ ಮೇಳಕ್ಕೆ ಮೇಳವೇ ಪಿಸುಮಾತಿನಲ್ಲಿತ್ತು. ಪಂಡಿತರು ಮೇಜಿನ ಮೇಲೆ ತಲೆಯಿಟ್ಟು ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಅವಳ ಬಲಗೈ ಅವರ ಬೆನ್ನನ್ನು ತಟ್ಟುತ್ತಲೇ ಇತ್ತು.

ಗಂಡ ಗಡಿಯಾರ ತೋರಿಸಿದ. ಆರಕ್ಕೆ ಹತ್ತು ನಿಮಿಷ.

"ಏನಾದ್ರೂ ಅಂದೆನಾ?"

"ಜೋ ಜೋ ಅಂದೆ. ಅಳಬೇಡ ಮಗು, ಅಮ್ಮ ಇಲ್ಲೇ ಇದ್ದೀನಿ ಅಂದೆ. ಎರಡು ಸಲ. ಸಾಕ್ಷಿಗೆ ಇನ್ನೂರು ಜನ ಇದ್ದಾರೆ."

"ನಿದ್ದೇಲಿ ಅಂದದ್ದು ಲೆಕ್ಕಕ್ಕಿಲ್ಲ."

"ಅಚ್ಚಾದದ್ದು ಅಚ್ಚಾಯ್ತು ಟೀಚರಮ್ಮ."

ಎದ್ದ ಪಂಡಿತರು ಅವಳನ್ನು ನಿದ್ದೆಗೆಡಿಸಿದ, ಅಲ್ಲ, ನಿದ್ದೆಗೆ ಕೆಡವಿದ ಮೂರನೆಯ ವೈನಿಗೇ ಬಹುಮಾನ ಕೊಟ್ಟರು. ಟೀಚರಮ್ಮನಿಗೆ ಅದ್ಯಾವುದೂ ಬೇಕಿರಲಿಲ್ಲ. ಸೋತದ್ದೇ ಕಟ್ಟೆ ಒಡೆದಿತ್ತು. ದಾರಿಯುದ್ದಕ್ಕೂ ಮಗುವಿನ ಹಲ್ಲು, ಮಗುವಿನ ಮಣಿಕಟ್ಟು. "ಪಾಪ, ಅತ್ತು ಅತ್ತು ಗಂಟಲು ಕಟ್ಟಿರುತ್ತೆ ಕಣ್ರೀ. ಬಾಗಿಲನ್ನೇ ನೋಡ್ತಾ ಇರುತ್ತೆ." ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದಳು.

ಮಗು ಚಾಪೆಯ ಮೇಲೆ ಕೂತು ಪಾತ್ರೆಯ ಮುಚ್ಚಳವನ್ನು ಸೌಟಿನಿಂದ ಬಡಿಯುತ್ತಿತ್ತು. ಕರೆಂಟ್ ಬಿಲ್ಲಿನವನು ಬಂದಾಗ ನೋಡುವ ಹಾಗೆ ಒಮ್ಮೆ ಅಮ್ಮನನ್ನು ನೋಡಿ, ಮತ್ತೆ ಮುಚ್ಚಳಕ್ಕೆ ತಿರುಗಿತು.

"ತುಂಬ ಹುಡುಕಿತಾ ಅತ್ತೆ ನನ್ನ?"

"ನಾಲ್ಕು ಗಂಟೇಲಿ ಒಂದ್ಸಲ 'ಅಮ್ಮ' ಅಂದಿದ್ರೆ ಕೇಳು" ಎಂದರು ಅತ್ತೆ. "ಪಂಥ ಕಟ್ಟೋದಾದ್ರೆ ಇದರ ಹತ್ರ ತರಬೇತಿ ತಗೊಂಡು ಕಟ್ಟಬೇಕಿತ್ತು ಕಣಮ್ಮ."