ಬೀಗರ ಜೊತೆ ಸಮ ಅಂಕ

ತನ್ನ ಆಟ ಮುಗಿಸಿ ಇನ್ನೊಬ್ಬರ ಆಟದ ಫಲಿತಾಂಶಕ್ಕೆ ಕಾಯುವುದಿದೆಯಲ್ಲ, ಅದಕ್ಕಿಂತ ಹಲ್ಲುನೋವು ವಾಸಿ. ಹಲ್ಲುನೋವಿನಲ್ಲಿ ಒಂದು ಕಡೆ ಕೂತಾದರೂ ನರಳಬಹುದು. ಆ ಭಾನುವಾರ ನಾನು ಬಿಬವೇವಾಡಿಯ ನಮ್ಮ ಫ್ಲ್ಯಾಟಿನಲ್ಲಿ ಅಡುಗೆಮನೆಗೂ ಬಾಲ್ಕನಿಗೂ ಸುಮ್ಮನೆ ಸುತ್ತುತ್ತಿದ್ದೆ. ಪುಣೆಯ ನಮ್ಮ ಕನ್ನಡ ಬಳಗ ಆನ್‌ಲೈನ್ ಚೆಸ್ ಪಂದ್ಯಾವಳಿ ಇಟ್ಟಿತ್ತು; ಎಲ್ಲರೂ ಎಲ್ಲರ ಜೊತೆ ಆಡುವುದಲ್ಲ, ಒಬ್ಬೊಬ್ಬರಿಗೆ ಗೊತ್ತುಮಾಡಿದ ಕೆಲವೇ ಎದುರಾಳಿಗಳು. ಮೊದಲು ಬಂದವರಿಗೆ ವಾರ್ಷಿಕೋತ್ಸವದಲ್ಲಿ ಶಾಲು, ಹಾರ. ಆ ಶಾಲು ನನಗೇ ಎಂದು ಮಾರ್ಕೆಟ್ ಯಾರ್ಡಿನ ನಮ್ಮ ಆಫೀಸಿನಲ್ಲಿ ಆಗಲೇ ಸಾರಿಬಿಟ್ಟಿದ್ದೆ.

ಅಡ್ಡ ಬಂದವರು ಬೀಗರು, ಚಿಂಚವಾಡದಲ್ಲಿರುವ ನಮ್ಮ ಮಗಳ ಮಾವ. ನಾನು ಸೋತದ್ದು ಅವರೊಬ್ಬರಿಗೇ. ನನಗೆ ಎದುರಾದ ಉಳಿದವರನ್ನೆಲ್ಲ ಗೆದ್ದು ಹೇಗೋ ಅವರ ಅಂಕಕ್ಕೆ ಸಮ ಬಂದಿದ್ದೆ; ಆದರೆ ಅವರದಿನ್ನೂ ಒಂದು ಆಟ ಬಾಕಿ. ಅದರಲ್ಲಿ ಅವರು ಸೋಲಲೇಬೇಕು. ಅವರ ಎದುರಿಗೆ ಆಡುತ್ತಿದ್ದವಳು ನನ್ನ ಹೆಂಡತಿ ಶಾಂತಾ, ನನ್ನೊಬ್ಬನಿಗೆ ಮಾತ್ರ ಸೋತವಳು.

ಬೀಗರ ಹೆಸರು ಫೋನಿನಲ್ಲಿ ಕಂಡದ್ದೇ ಅವಳು ತಲೆಯ ಮೇಲೆ ಸೆರಗು ಹೊದ್ದುಕೊಂಡಳು.

“ಅವರಿಗೆ ನೀ ಕಾಣಂಗಿಲ್ಲ” ಎಂದೆ.

“ನನಗ ಅವರ ಹೆಸರು ಕಾಣ್ತದಲ್ರಿ. ಬೀಗರಿಗೆ ಚೆಕ್ ಕೊಟ್ರ ನಾಳೆ ಮಗಳಿಗೆ ಏನರ ಅಂದಾರು.”

“ಏನೂ ಅನ್ನಂಗಿಲ್ಲ. ಭಾಳ ದೊಡ್ಡ ಮನಸ್ಸಿನವರು!”

ಮದುವೆಯ ಮಾತುಕತೆಯಲ್ಲೂ ಬೀಗರನ್ನು ನಾನು ಅಷ್ಟು ಹೊಗಳಿರಲಿಲ್ಲ. ಅವಳಿಗೆ ಚಹಾ ಮಾಡಿಕೊಟ್ಟೆ, ಒಗೆದ ಬಟ್ಟೆ ಮಡಚಿದೆ. ಕುದುರೆಯ ಮೇಲೆ ಬೆರಳಿಟ್ಟು ಅವಳು ಯೋಚಿಸುತ್ತ ಕೂತರೆ ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದೆ. ಕೊನೆಗೆ ಸೆಖೆಗೆ ಸೆರಗು ಜಾರಿತು. ಅದನ್ನು ಸರಿಮಾಡಿಕೊಳ್ಳದೆ ಶಾಂತಾ ಬೀಗರಿಗೆ ಚೆಕ್‌ಮೇಟ್ ಕೊಟ್ಟೇಬಿಟ್ಟಳು.

ಮೂವರದೂ ಸಮ! ಸಮವಾದರೆ ಆಟ ಬೇಗ ಮುಗಿಸಿದವರೇ ಮೊದಲು ಎಂದು ನನಗೆ ನಾನೇ ಕಾನೂನು ಮಾಡಿಕೊಂಡಿದ್ದೆ. ಗಂಟಲು ಸರಿಮಾಡಿಕೊಂಡು ಸನ್ಮಾನದ ಭಾಷಣ ಶುರು ಮಾಡಬೇಕು, ಅಷ್ಟರಲ್ಲಿ ಮಗಳ ಫೋನು. ಅವಳಿಗೂ ನನ್ನ ಕಾನೂನು ಹೇಳಿದೆ.

“ಹಂಗಲ್ಲಪ್ಪಾ. ಬಳಗದ ಪಟ್ಟಿ ಬಂದದ. ಸಮ ಆದ್ರ, ನೀವು ಯಾರ ಜೋಡಿ ಆಡೀರಿ, ಅವರೆಲ್ಲಾ ಎಷ್ಟು ಅಂಕ ಗಳಿಸ್ಯಾರ ಅಂತ ಕೂಡಸ್ತಾರ. ಗಟ್ಟಿ ಮಂದಿ ಜೋಡಿ ಆಡಿದವರು ಮ್ಯಾಲೆ. ಅವ್ವ ಫಸ್ಟ್, ಮಾವ ಸೆಕೆಂಡ್. ನೀವು ಥರ್ಡ್.”

ಗೆದ್ದಾಗಲೆಲ್ಲ ನಾನು ಎದುರಾಳಿಗೆ “ಇನ್ನೂ ಭಾಳ ಕಲಿಯೋದದ” ಎಂದು ಮೆಸೇಜು ಹಾಕಿದ್ದೆ. ಅವರಲ್ಲಿ ಬಹಳಷ್ಟು ಜನ ಮುನಿಸಿಕೊಂಡು ಮುಂದಿನ ಆಟ ಆಡದೆ ಪಂದ್ಯಾವಳಿಯನ್ನೇ ಬಿಟ್ಟು ಹೋಗಿದ್ದರು. ಎದ್ದುಹೋದವರು ಅಂಕ ಎಲ್ಲಿಂದ ತಂದಾರು? ಶಾಂತಾಳಿಗೆ ಸೋತವರು ಕೂತು ಆಡಿ, ಗೆದ್ದು, ಅವಳ ಮೊತ್ತ ಏರಿಸಿದ್ದರು.

“ನಿಮ್ಮ ಅಂಕಾನೂ ನನ್ನ ಲೆಕ್ಕದಾಗ ಕೂಡಸ್ಯಾರಂತ್ರಿ” ಎಂದಳು ಶಾಂತಾ, ಸಮಾಧಾನ ಮಾಡುವ ದನಿಯಲ್ಲಿ. “ನೀವೂ ಗಟ್ಟಿ ಮಂದ್ಯಾಗ ಬಂದ್ರಿ.”

ಅಂತೂ ನಾನು ಗಟ್ಟಿಗನೆಂದು ಊರು ಒಪ್ಪಿತು. ಆದರೆ ಆ ಗಟ್ಟಿತನವೆಲ್ಲ ಹೆಂಡತಿಯ ಖಾತೆಗೆ ಜಮಾ ಆಗಿತ್ತು.