ದೊಡ್ಡತ್ತೆಯ ಪಾಲಿನ ಹೊಗೆ

ನಮ್ಮ ದೊಡ್ಡತ್ತೆ ಹದಿನಾಲ್ಕು ಕಂಪನಿಗಳ ಒಡತಿ ಎಂದರೆ ನೀವು ನಂಬಲಿಕ್ಕಿಲ್ಲ. ನಂಬದಿದ್ದರೆ ಬಿಡಿ, ಅವರೆದುರು ಮಾತ್ರ ಹಾಗೆನ್ನಬೇಡಿ. ಒಂದೊಂದು ಕಂಪನಿಯಲ್ಲೂ ಅವರಿಗಿರುವುದು ಬೆರಳೆಣಿಕೆಯ ಷೇರು. ಒಡೆತನಕ್ಕೆ ಅಷ್ಟು ಸಾಲದೇ? ಒಮ್ಮೆ ಸೂಲೂರಿನ ಕಡೆ ಬಸ್ಸಿನಲ್ಲಿ ಹೋಗುವಾಗ 'ತಮ್ಮ' ನೂಲಿನ ಮಿಲ್ಲಿನ ಗೇಟಿನಲ್ಲಿ ಹಾಡಹಗಲೇ ದೀಪ ಉರಿಯುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ಮುಂದಿನ ಸ್ಟಾಪಿನಲ್ಲಿ ಇಳಿದು, ನನ್ನನ್ನೂ ಇಳಿಸಿ, ಬಿಸಿಲಲ್ಲಿ ಹಿಂದಕ್ಕೆ ನಡೆದು ಬಂದು ಕಾವಲುಗಾರನನ್ನು ತರಾಟೆಗೆ ತೆಗೆದುಕೊಂಡರು. ನೀವು ಯಾರೆಂದು ಅವನು ತಮಿಳಿನಲ್ಲಿ ಕೇಳಿದ. "ಮುದಲಾಳಿ," ಎಂದರು. ಮಾಲೀಕರೆಂದ ಮೇಲೆ ಪಾಪ, ಅವನು ದೀಪ ಆರಿಸಿ ಸಲಾಮು ಹೊಡೆದ. ಪಕ್ಕದಲ್ಲಿದ್ದ ನನಗೂ ಒಂದು ಸಲಾಮು ಬಿತ್ತು. ನಾನು ನಾಚಿಕೆಯಿಲ್ಲದೆ ಸ್ವೀಕರಿಸಿದೆ. ಆ ಮನೆತನದ ಹೆಸರಿನಲ್ಲಿ ನನಗೆ ಸಿಕ್ಕ ಮೊದಲ ಮರ್ಯಾದೆ ಅದು.

ದೊಡ್ಡತ್ತೆ ಎಂದರೆ ನನ್ನ ಗಂಡನ ದೊಡ್ಡಪ್ಪನ ಹೆಂಡತಿ. ಅವರದು ತಮಿಳು ಸೀಮೆಯ ಅವಿನಾಶಿಯ ನೇಕಾರರ ಕೂಡುಕುಟುಂಬ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಾನು ತುಮಕೂರಿನವಳು, ಬೇರೆ ಜಾತಿಯವಳು, ಪೀಳಮೇಡಿನ ಆಫೀಸಿಗೆ ಕೆಲಸಕ್ಕೆಂದು ಬಂದು ಅವರ ಮನೆ ಹುಡುಗನನ್ನು ಕಟ್ಟಿಕೊಂಡವಳು. ಮದುವೆಯಾಗಿ ಮೂರು ತಿಂಗಳಿಗೆ ದೊಡ್ಡಮಾವ ತೀರಿಕೊಂಡರು. ಮನೆಯವರೆಲ್ಲ ಹತ್ತು ದಿನದ ಸೂತಕಕ್ಕೆ ಕೂತರು. ನಾನೆಲ್ಲಿ ಕೂರಬೇಕು ಎಂಬ ಪ್ರಶ್ನೆ ಬಂದಾಗ ದೊಡ್ಡತ್ತೆ ತಲೆಯೆತ್ತದೆ, "ಅವಳಿಗೆ ಸೂತಕ ಇಲ್ಲ. ಆಫೀಸಿಗೆ ಹೋಗ್ಲಿ," ಅಂದರು. ಹೋದೆ. ಆಫೀಸಿನ ಬಚ್ಚಲುಮನೆಯಲ್ಲಿ ನಿಂತು ಅತ್ತು ಬಂದೆ. ನಾನು ಸೂತಕ ಗೀತಕ ಒಂದನ್ನೂ ನಂಬುವವಳಲ್ಲ. ನಂಬದೇ ಇರುವ ವಸ್ತು ತನಗೆ ಸಿಗಲಿಲ್ಲವೆಂದು ಅತ್ತವಳು ಈ ಸೀಮೆಯಲ್ಲೆಲ್ಲ ನಾನೊಬ್ಬಳೇ ಇರಬೇಕು! ಒಂಬತ್ತು ವರ್ಷವಾಯಿತು. ಆ ಮನೆಯವಳು ಅನ್ನಿಸಿಕೊಳ್ಳಬೇಕೆಂಬ ಚಪಲ ಮಾತ್ರ ಇನ್ನೂ ಹೋಗಿಲ್ಲ.

ಆದ್ದರಿಂದ ಕೆಲವು ತಿಂಗಳ ಹಿಂದೆ ಒಂದು ಭಾನುವಾರ ದೊಡ್ಡತ್ತೆ, "ನೀ ಆಫೀಸಲ್ಲಿ ಏನ್ ಮಾಡ್ತಿ ಕಣ್ಣು?" ಎಂದು ತಮಿಳಿನ ಮುದ್ದಿನ ಕರೆ ಸೇರಿಸಿ ಕೇಳಿದಾಗ ನಾನು ಹಿಗ್ಗಿ ಹೀರೇಕಾಯಿಯಾದೆ. ಜನ ದುಡ್ಡು ಹೂಡಿದ ಕಂಪನಿಗಳು ಎಷ್ಟು ಇಂಗಾಲ ಉಗುಳುತ್ತವೆಂದು ಅಳೆಯುವುದೇ ನನ್ನ ಕೆಲಸವೆಂದೂ, ಕಂಪನಿಯಲ್ಲಿ ಎಷ್ಟು ಪಾಲೋ ಅದರ ಹೊಗೆಯಲ್ಲೂ ಅಷ್ಟೇ ಪಾಲೆಂದೂ ಗತ್ತಿನಿಂದ ವಿವರಿಸಿದೆ.

"ಹೊಗೆ ನೋಡಕ್ಕೆ ಮಿಲ್ಲಿಗೆ ಹೋಗ್ತೀಯಾ?"

"ಇಲ್ಲ ದೊಡ್ಡತ್ತೆ, ಅವರ ವರದಿ ಓದ್ತೀವಿ."

"ವರದಿ ಯಾರ್ ಬರೀತಾರೆ?"

"ಕಂಪನಿಯವರೇ."

"ಬರೀಲಿಲ್ಲ ಅಂದ್ರೆ?"

"ಅಂಥದ್ದೇ ಬೇರೆ ಕಂಪನಿ ನೋಡಿ ಅಂದಾಜು ಹಾಕ್ತೀವಿ."

"ಪಕ್ಕದ್ಮನೆಯವಳ ಅಳತೆ ತಗೊಂಡು ನನಗೆ ರವಿಕೆ ಹೊಲೀತಿ. ಇದಕ್ಕೆ ಸಂಬಳ ಬೇರೆ ಕೊಡ್ತಾರಾ?"

ಕೊಡುತ್ತಾರೆ, ಏನು ಮಾಡಲಿ? ಇಷ್ಟಾದರೂ ಅವರು ತಮ್ಮ ಹದಿನಾಲ್ಕು ಕಂಪನಿಗಳ ಪಟ್ಟಿ ತಂದು ನನ್ನ ಮಡಿಲಿಗೆ ಹಾಕಿದರು. "ನಂದೂ ಅಳೆ. ನನ್ನ ಪಾಲಿಗೆ ಎಷ್ಟು ಬರ್ತದೆ ಅಂತ ಗೊತ್ತಾಗಬೇಕು."

ಅಳೆಯುವ ಮುಂಚೆ ಹೊಗೆಯಲ್ಲಿ ಮೂರು ಬಗೆ ಇದೆಯೆಂದು ಹೇಳಬೇಕಾಯಿತು. ಮಿಲ್ಲಿನ ಸ್ವಂತ ಚಿಮಣಿಯದು ಮೊದಲನೆಯದು. ಮಿಲ್ಲು ಕೊಳ್ಳುವ ಕರೆಂಟಿಗಾಗಿ ಬೇರೆಲ್ಲೋ ಎದ್ದದ್ದು ಎರಡನೆಯದು. ಹತ್ತಿ ಬೆಳೆದವನಿಂದ ಹಿಡಿದು ಬನಿಯನ್ನಿಗೆ ಇಸ್ತ್ರಿ ಹಾಕುವವನವರೆಗೆ ಉಳಿದವರೆಲ್ಲರದು ಮೂರನೆಯದು. ಆಫೀಸಿಗೆ ಹೊಸದಾಗಿ ಸೇರಿದವರಿಗೆ ಇದನ್ನು ತಿಳಿಸಲು ನಾನು ಎರಡು ದಿನ ಗಂಟಲು ಹರಿದುಕೊಳ್ಳುತ್ತೇನೆ. ದೊಡ್ಡತ್ತೆ ಅರ್ಧ ಲೋಟ ಕಾಫಿಯಲ್ಲಿ ಮುಗಿಸಿದರು.

"ಸೂತಕ ಅನ್ನು. ಕಣ್ಣಿಗೆ ಕಾಣಲ್ಲ, ಮೂಗಿಗೆ ಬರಲ್ಲ, ಸಂಬಂಧ ಇರೋರಿಗೆ ತಟ್ಟತದೆ. ಸ್ವಂತ ಮನೆಗೆ ಹತ್ತು ದಿನ, ಮದುವೆ ಮಾಡ್ಕೊಟ್ಟ ಮಗಳಿಗೆ ಮೂರು ದಿನ, ದೂರದೋರಿಗೆ ತಲೆಗೆ ನೀರು ಹಾಕ್ಕೊಂಡ್ರೆ ಆಯ್ತು."

ನಾನು ಸೋಲೊಪ್ಪಲಿಲ್ಲ. ಕರೆಂಟಿನ ಹೊಗೆ ವಿದ್ಯುತ್ ಕಂಪನಿಯ ಲೆಕ್ಕದಲ್ಲೂ ಬರುತ್ತದೆ, ಮಿಲ್ಲಿನ ಲೆಕ್ಕದಲ್ಲೂ ಬರುತ್ತದೆ, ಒಂದೇ ಹೊಗೆಯನ್ನು ಎರಡು ಸಲ ಎಣಿಸಿದಂತಾಗುತ್ತದೆ, ದೊಡ್ಡ ದೊಡ್ಡವರೇ ಇದಕ್ಕೆ ತಲೆ ಕೆಡಿಸಿಕೊಂಡಿದ್ದಾರೆ ಎಂದೆ.

"ಒಬ್ಬ ಸತ್ರೆ ನಾಲ್ಕು ಊರಲ್ಲಿ ಸೂತಕ ಇರಲ್ವಾ? ಅದಕ್ಕೆ ನಾಲ್ಕು ಜನ ಸತ್ರು ಅಂತೀಯಾ?"

ಮರುದಿನ ಇದನ್ನೇ ಆಫೀಸಿನ ಹುಡುಗರಿಗೆ ಹೇಳಿದೆ. ಎಲ್ಲರಿಗೂ ತಟ್ಟನೆ ಅರ್ಥವಾಯಿತು. ಮೇಲಿನವರು ಬಹಳ ಚೆನ್ನಾಗಿ ಕಲಿಸುತ್ತೀರಿ ಎಂದು ಹೊಗಳಿದರು. ಯಾರ ಮಾತು ಅದೆಂದು ನಾನು ಬಾಯಿಬಿಡಲಿಲ್ಲ.

ವಾರವೆಲ್ಲ ಕೂತು ಲೆಕ್ಕ ಮುಗಿಸಿದೆ. ದೊಡ್ಡತ್ತೆ ಮೆಚ್ಚಲೆಂದು ಅಚ್ಚಗನ್ನಡದಲ್ಲಿ ಎಂಟು ಪುಟದ ವರದಿ ಬರೆದು, ಬಣ್ಣದ ಮುದ್ರಣ ಮಾಡಿಸಿ ತಂದುಕೊಟ್ಟೆ. ಅವರು ಪುಟ ತಿರುವಿ, ಚಿತ್ರಗಳನ್ನು ನೋಡಿ ಹಿಂದಕ್ಕೆ ಕೊಟ್ಟರು. "ನೀನೇ ಓದು ಕಣ್ಣು. ನಮಗೆ ತಮಿಳು ಅಕ್ಷರ ಮಾತ್ರ ಬರೋದು." ಒಂಬತ್ತು ವರ್ಷ ಆ ಮನೆಗೆ ಓಡಾಡಿಯೂ ಇಷ್ಟು ತಿಳಿಯದವಳು ಹದಿನಾಲ್ಕು ಕಂಪನಿಗಳ ಒಳಗುಟ್ಟು ಅಳೆಯಲು ಹೊರಟಿದ್ದೆ!

ಓದಿದೆ. ಎಲ್ಲ ಸೇರಿ ಅವರ ಪಾಲಿನ ಹೊಗೆ, ಅವರ ಅಡುಗೆ ಒಲೆ ವರ್ಷಕ್ಕೆ ಬಿಡುವುದಕ್ಕಿಂತ ತುಸು ಹೆಚ್ಚು. ಸಂತೋಷಪಡುತ್ತಾರೆಂದುಕೊಂಡರೆ ಮುಖ ಸಣ್ಣದಾಯಿತು. "ಹದಿನಾಲ್ಕು ಕಂಪನಿ ಇಟ್ಕೊಂಡು ಇಷ್ಟೇನಾ? ಸರಿಯಾಗ್ ನೋಡು."

ಇರುವುದರಲ್ಲಿ ಅರ್ಧಕ್ಕೂ ಹೆಚ್ಚು ಆ ಸೂಲೂರಿನ ಮಿಲ್ಲಿನದೇ, ನೂಲಿಗೆ ಬಣ್ಣ ಹಾಕಲು ಇನ್ನೂ ಕಲ್ಲಿದ್ದಲಿನ ಬಾಯ್ಲರ್ ಉರಿಸುತ್ತಾರೆ, ಆ ಷೇರು ಮಾರಿಬಿಡಿ, ಲೆಕ್ಕ ಒಂದೇ ದಿನಕ್ಕೆ ಅರ್ಧಕ್ಕಿಳಿಯುತ್ತದೆ ಎಂದು ಸಲಹೆ ಕೊಟ್ಟೆ. ನನ್ನ ವೃತ್ತಿಯ ಪರಮ ಮಂತ್ರ ಅದು.

"ಮಾರಿದ್ರೆ ಮಿಲ್ಲಿನ ಹೊಗೆ ನಿಂತೋಗ್ತದಾ?"

"ಇಲ್ಲ. ಕೊಂಡವರ ಲೆಕ್ಕಕ್ಕೆ ಹೋಗುತ್ತೆ."

"ಅದು ಸಾವಿನ ಮನೆಯಿಂದ ಎದ್ದು ಓಡಿಹೋದಂಗೆ. ನಿಮ್ಮ ದೊಡ್ಡಮಾವ ಮೂವತ್ತು ವರ್ಷ ಆ ಮಿಲ್ಲಲ್ಲಿ ಫಿಟ್ಟರ್ ಆಗಿದ್ರು. ಅವರು ಸಂಬಳದ ದುಡ್ಡು ಕೊಟ್ಟು ವಾಂಗಿದ ಷೇರು. ನಾ ಓಡಲ್ಲ."

ಅಂದೇ ಕೂತು ಮಿಲ್ಲಿಗೆ ತಮಿಳಿನಲ್ಲಿ ಪತ್ರ ಬರೆದರು. ಕಲ್ಲಿದ್ದಲು ಯಾವಾಗ ಬಿಡುತ್ತೀರಿ, ಮುದಲಾಳಿ ಕೇಳುತ್ತಿದ್ದಾಳೆ. ಗೇಟಿನ ದೀಪದ ವಿಷಯವನ್ನೂ ಕೊನೆಗೆ ಸೇರಿಸಿದರು. ಉತ್ತರ ಇನ್ನೂ ಬಂದಿಲ್ಲ. ತಿಂಗಳಿಗೊಂದು ಪತ್ರ ಹೋಗುತ್ತಲೇ ಇದೆ.

ಪತ್ರ ಮಡಿಸಿಟ್ಟ ಮೇಲೆ ಇನ್ನೊಂದು ಕಾಗದ ತೆಗೆದರು. ತಮ್ಮ ನಂತರ ಷೇರು ಯಾರ ಹೆಸರಿಗೆ ಹೋಗಬೇಕೆಂದು ಬರೆದುಕೊಡುವ ಫಾರಂ. ದೊಡ್ಡತ್ತೆಗೆ ಮಕ್ಕಳಿಲ್ಲ. ನನ್ನ ಗಂಡನ ಹೆಸರಿರಬಹುದೆಂದು ಪೆನ್ನು ಹಿಡಿದೆ. "ನಿನ್ನ ಹೆಸರು ಬರಿ," ಅಂದರು. ಬರೆದೆ. ಸಂಬಂಧ ಎಂಬ ಜಾಗಕ್ಕೆ ಬಂದು ಪೆನ್ನು ನಿಂತಿತು.

"ಸೊಸೆ ಅಂತ ಹಾಕು. ಇನ್ನೇನ್ ಹಾಕ್ತಿ?" ಎಂದರು. ಆಮೇಲೆ ನನ್ನ ಮುಖ ನೋಡದೆ, "ಅವತ್ತು ನಿನಗೆ ಸೂತಕ ಇಲ್ಲ ಅಂದೆ. ಸಂಕಟದಲ್ಲಿದ್ದೆ, ಆದ್ರೂ ತಪ್ಪು. ಈಗ ಹೇಳ್ತೀನಿ ಕೇಳು. ನಾ ಹೋದಾಗ ನಿನಗೆ ಪೂರಾ ಹತ್ತು ದಿನ. ಆಫೀಸಿಗೆ ಹೋಗ್ಬೇಡ," ಅಂದರು.

ನಾನು 'ಸೊಸೆ' ಎಂದು ಬರೆದೆ. ಸೂತಕ ನಂಬದ ನನಗೆ ಈಗ ಸ್ವಂತದ್ದು ಎನ್ನಲು ಹತ್ತು ದಿನಗಳಿವೆ. ಅವು ಎಷ್ಟು ತಡವಾಗಿ ಬಂದರೂ ನನಗೆ ಅವಸರವಿಲ್ಲ.