ಫೋನಿಗೆ ಮಾತು ಕೊಟ್ಟ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನಷ್ಟು ದೊಡ್ಡ ಮನುಷ್ಯರ ಜೊತೆ ಫೋನಿನಲ್ಲಿ ಮಾತಾಡಿದವರು ಅಕ್ಕೂರಿನ ಸುತ್ತಮುತ್ತ ಇನ್ನೊಬ್ಬರಿರಲಾರರು! ಆ ದೊಡ್ಡ ಮನುಷ್ಯರಿಗೆ ಮಾತ್ರ ಈ ಸಂಗತಿ ಗೊತ್ತೇ ಆಗಲಿಲ್ಲ.

ಮನೆಗೆ ಮೊಬೈಲು ಬಂದ ಹೊಸದು. ಚುನಾವಣೆ ಬಂತೆಂದರೆ ಅಭ್ಯರ್ಥಿಗಳ ದನಿ ರೆಕಾರ್ಡು ಮಾಡಿ ಎಲ್ಲರ ಫೋನಿಗೂ ಬಿಡುತ್ತಿದ್ದರು. ನಾವು ಅರ್ಧಕ್ಕೇ ಕಟ್ ಮಾಡುತ್ತಿದ್ದೆವು. ಚಿಕ್ಕಪ್ಪ ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತಿದ್ದವರು ಕೈ ಒರೆಸಿಕೊಂಡು, ಎದ್ದು ನಿಂತು ಫೋನು ಹಿಡಿಯುತ್ತಿದ್ದರು.

"ನಮಸ್ಕಾರ ಬಂಧುಗಳೇ, ಚೆನ್ನಾಗಿದ್ದೀರಾ?" ಅನ್ನುತ್ತಿತ್ತು ಒಬ್ಬ ಅಭ್ಯರ್ಥಿಯ ದನಿ. ಆಮೇಲೆ ಒಂದು ಸಣ್ಣ ಬಿಡುವು. ಉಸಿರೆಳೆದುಕೊಳ್ಳಲು ಬಿಟ್ಟದ್ದೋ ಏನೋ! ಅಷ್ಟರೊಳಗೆ ಚಿಕ್ಕಪ್ಪ ಮನೆಯ ಸಮಾಚಾರವನ್ನೆಲ್ಲ ತುರುಕುತ್ತಿದ್ದರು.

ಮೊದಲ ಸಲ ಅಡುಗೆಮನೆ ಕಡೆ ತಿರುಗಿ ಕೇಳಿದ್ದರು: "ಇವಳೇ, ಬಂಧುಗಳು ಅಂದ್ರು. ನಿಮ್ಮ ಕಡೆಯೋರೇನೇ?"

"ನಮ್ಮ ಕಡೆಯೋರಾಗಿದ್ರೆ ನಿಮ್ಮನ್ನ ಬಂಧು ಅಂತ ಒಪ್ಕತಿದ್ರಾ?" ಅಂದರು ಚಿಕ್ಕಮ್ಮ.

"ಅದು ರೆಕಾರ್ಡು ಚಿಕ್ಕಪ್ಪ," ಅಂದೆ.

"ಆಗ್ಲಿ ಬುಡ್ಲಾ. ಚೆನ್ನಾಗಿದ್ದೀರಾ ಅಂತ ಕೇಳಿದ್ಮೇಲೆ ಹೇಳ್ಬೇಕು ಕಣ್ಲಾ."

ಅಷ್ಟಕ್ಕೇ ನಿಂತಿತೇ? ಮಗಳ ಮದುವೆಯ ಬೀಗರ ಊಟಕ್ಕೆ ಆ ದನಿಯನ್ನೇ ಕರೆದುಬಿಟ್ಟರು! ಪಂಕ್ತಿಯ ಮೊದಲಲ್ಲಿ ಒಂದು ಎಲೆ ಹಾಕಿಸಿ, ಯಾರನ್ನೂ ಕೂರಗೊಡಲಿಲ್ಲ. ಮುದ್ದೆ ಆರಿತು, ಮಾಂಸದ ಸಾರಿನ ಮೇಲೆ ಕೊಬ್ಬು ಹೆಪ್ಪುಗಟ್ಟಿತು. ಬೀಗರು ಮುಖ ಮುಖ ನೋಡಿಕೊಂಡರು. "ದೊಡ್ಡೋರಿಗೆ ನೂರೆಂಟು ಕೆಲ್ಸ ಇರ್ತವೆ," ಅಂತ ಚಿಕ್ಕಪ್ಪನೇ ಸಮಾಧಾನ ಹೇಳಿದರು. ನಮಗಲ್ಲ, ಎಲೆಗೆ!

ಮೂವತ್ತು ವರ್ಷದಿಂದ ಒಂದೇ ಗುರುತಿಗೆ ಓಟು ಹಾಕಿದ್ದ ಮನುಷ್ಯ. ಈ ಸಲ ಆ ದನಿಗೇ ಹಾಕುತ್ತೇನೆಂದು ಫೋನಿನಲ್ಲೇ ಮಾತು ಕೊಟ್ಟರು. ಎದುರು ಪಕ್ಷದ ದನಿ ಬಂದಾಗ, "ಬೇಜಾರು ಮಾಡ್ಕಬೇಡಿ ಸ್ವಾಮಿ, ಮೊದ್ಲೇ ಅವ್ರಿಗೆ ಮಾತು ಕೊಟ್ಬುಟ್ಟಿವ್ನಿ," ಅಂತ ಕೈಮುಗಿದರು. ಚಿಕ್ಕಮ್ಮ ರೇಗಿದರು: "ಹಳೇ ಪಾರ್ಟಿ ಏನು ಪಾಪ ಮಾಡಿತ್ತು?"

"ಅವ್ರು ಒಂದಿನಾನಾದ್ರೂ ಚೆನ್ನಾಗಿದ್ದೀಯಾ ಅಂತ ಕೇಳವ್ರೇನೇ?"

ನಾವೆಲ್ಲ ನಕ್ಕೆವು. ನಾನಾಗ ಬಿಡದಿಯ ಫ್ಯಾಕ್ಟರಿಗೆ ಸೇರಿದ್ದೆ. ಶಿಫ್ಟು ಮುಗಿಸಿ ಬರುವುದು, ಉಣ್ಣುವುದು, ಮಲಗುವುದು. ಅದರ ನಡುವೆ ಆ ಪ್ರಶ್ನೆಯನ್ನು ನಾನೂ ಕೇಳಿರಲಿಲ್ಲ.

ಓಟಿಗೆ ಇನ್ನೂ ಮೂರು ವಾರವಿತ್ತು. ಫೋನು ಬಂತು. "ಚೆನ್ನಾಗಿದ್ದೀರಾ?"

"ಎದೆ ಒಸಿ ಹಿಡ್ಕಂಡಂಗಾಯ್ತದೆ ಸ್ವಾಮಿ," ಅಂದರು ಚಿಕ್ಕಪ್ಪ.

ನಾನು ಪಕ್ಕದಲ್ಲೇ ಊಟಕ್ಕೆ ಕೂತಿದ್ದೆ. "ಡಾಕ್ಟರನ್ನ ಕಳಿಸ್ತಾರಂತಾ ಚಿಕ್ಕಪ್ಪ?" ಅಂದೆ. ಮನೆಯೆಲ್ಲ ನಕ್ಕಿತು. ಅವರೂ ನಕ್ಕರು.

ನಾಲ್ಕನೇ ದಿನ ಸೊಪ್ಪಿನ ಮಂಕರಿಯ ಪಕ್ಕದಲ್ಲೇ ಹೋಗಿಬಿಟ್ಟರು.

ಹನ್ನೊಂದನೇ ದಿನದ ತಿಥಿಗೆ ಎಡೆ ಇಡುತ್ತಿದ್ದಾಗ ಅವರ ಫೋಟೋ ಪಕ್ಕದಲ್ಲಿದ್ದ ಫೋನು ಬಡಿದುಕೊಂಡಿತು. ಯಾರೂ ಮುಟ್ಟಲಿಲ್ಲ. ನಾನು ಕೈ ಒರೆಸಿಕೊಂಡು, ಎದ್ದು ನಿಂತು ಹಿಡಿದೆ.

"ನಮಸ್ಕಾರ ಬಂಧುಗಳೇ, ಚೆನ್ನಾಗಿದ್ದೀರಾ?"

"ಇಲ್ಲ," ಅಂದೆ.

ಹೇಳುವುದು ಇನ್ನೂ ಇತ್ತು. ಬಿಡುವು ಅಷ್ಟಕ್ಕೇ ಮುಗಿಯಿತು.